ಬಾಡಿಗೆ ಮನೆಯ ನಿರ್ವಹಣಾ ಶುಲ್ಕ

ವಸತಿ ಸಮುಚ್ಚಯದಲ್ಲಿ ಎಲ್ಲ ಮನೆಗಳವರೂ ಸಾಮಾನ್ಯವಾಗಿ ಬಳಸುವ ಸೌಕರ್ಯಗಳಿಗಾಗಿ ತಿಂಗಳಿಗೊಮ್ಮೆ ಸಂಗ್ರಹಿಸುವ ಹಣವನ್ನು ನಿರ್ವಹಣಾ ಶುಲ್ಕ ಎನ್ನುತ್ತಾರೆ. ಆಡುಮಾತಿನಲ್ಲಿ ಇದು 'ಮೇಂಟೆನೆನ್ಸ್'. ಕಾವಲುಗಾರರ ಸಂಬಳ, ಲಿಫ್ಟ್, ನೀರೆತ್ತುವ ಮೋಟಾರು, ಮೆಟ್ಟಿಲಿನ ದೀಪ, ಕಸ ವಿಲೇವಾರಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಮುಂತಾದವು ಇದರಲ್ಲಿ ಸೇರುತ್ತವೆ. ಮನೆಯನ್ನು ಬಾಡಿಗೆಗೆ ಕೊಟ್ಟಾಗ ಈ ಹಣವನ್ನು ಮಾಲೀಕನು ಕೊಡಬೇಕೇ, ಬಾಡಿಗೆದಾರನು ಕೊಡಬೇಕೇ ಎಂಬುದು ಆಗಾಗ್ಗೆ ವಿವಾದಕ್ಕೆ ಎಡೆಮಾಡುತ್ತದೆ.

ಹಿನ್ನೆಲೆ

ಹಳೆಯ ವಠಾರಗಳಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿತ್ತು. ಅಂಗಳದ ಬಾವಿ ಅಥವಾ ನಲ್ಲಿ ಎಲ್ಲರಿಗೂ ಒಂದೇ; ಅದರ ಖರ್ಚು ಬಾಡಿಗೆಯಲ್ಲಿಯೇ ಅಡಗಿರುತ್ತಿತ್ತು. ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮೇಲಿರುವ ಪೆರೇಸಂದ್ರದಂತಹ ಊರುಗಳಲ್ಲಿ ಇಂದಿಗೂ ಪ್ರಶ್ನೆ ಏಳುವುದು ಹೆಚ್ಚಾಗಿ ಕರೆಂಟು ಮತ್ತು ನೀರಿನ ವಿಷಯದಲ್ಲಿ. ಸದಾ ಹರಿಯುವ ನದಿಯಿಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನೀರಿನ ಖರ್ಚು ಅಲ್ಪವೆನ್ನಲಾಗದು.

ಕಾನೂನು

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರ ಪ್ರಕಾರ ಸಾಮಾನ್ಯ ವೆಚ್ಚದ ಹೊಣೆ ಮಾಲೀಕನದು. ಸೌಕರ್ಯಗಳನ್ನು ತಾನು ಬಳಸುತ್ತಿಲ್ಲವೆಂದು ಹೇಳಿ ಅವನು ಅದರಿಂದ ನುಣುಚಿಕೊಳ್ಳುವಂತಿಲ್ಲ. ಬಾಡಿಗೆದಾರನು ಹಣ ಕಟ್ಟದಿದ್ದರೂ ಸಂಘವು ಕೇಳುವುದು ಮಾಲೀಕನನ್ನೇ. ಬಾಕಿಯು ಆ ಮನೆಯ ಮೇಲಿನ ಋಣಭಾರವಾಗುತ್ತದೆ. ಬಾಡಿಗೆಯ ಕರಾರು ಇವರಿಬ್ಬರ ನಡುವಿನದು, ಸಂಘವನ್ನು ಅದು ಕಟ್ಟಿಹಾಕುವುದಿಲ್ಲ. ಈ ಅಂಶವನ್ನು ಅನೇಕ ಮಾಲೀಕರು ಮರೆಯುತ್ತಾರೆ.

ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬಾಡಿಗೆಯ ಜೊತೆಗೆ ನಿರ್ವಹಣೆಗೆಂದು ಅದರ ಶೇಕಡಾ 10ರಷ್ಟನ್ನು ಬಾಡಿಗೆದಾರನು ಕೊಡಬೇಕೆನ್ನುತ್ತದೆ. ಆದರೆ ನಗರಗಳ ಇಂದಿನ ಫ್ಲ್ಯಾಟುಗಳ ಬಾಡಿಗೆ ಈ ಕಾಯ್ದೆಯ ಮಿತಿಯನ್ನು ಬಹುವಾಗಿ ಮೀರಿರುವುದರಿಂದ ಅವುಗಳಿಗೆ ಅದು ಅನ್ವಯಿಸದು. ಹೀಗಾಗಿ ಅಂತಿಮವಾಗಿ ಕರಾರು ಪತ್ರದ ಮಾತೇ ಮುಖ್ಯ. ಕೇಂದ್ರ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ಕಟ್ಟಡದ ಮೂಲ ದುರಸ್ತಿ ಹಾಗೂ ಗೋಡೆಗೆ ಸುಣ್ಣಬಣ್ಣವನ್ನು ಮಾಲೀಕನಿಗೂ, ಸ್ವಿಚ್ಚು, ಚರಂಡಿ ಶುದ್ಧಿ, ಒಡೆದ ಗಾಜಿನಂತಹವನ್ನು ಬಾಡಿಗೆದಾರನಿಗೂ ವಹಿಸುತ್ತದೆ. ಇದು ಮಾದರಿ ಮಾತ್ರ, ರಾಜ್ಯವು ಅಂಗೀಕರಿಸಿದಲ್ಲಿ ಜಾರಿಗೆ ಬರುತ್ತದೆ.

ರೂಢಿ

ಬೆಂಗಳೂರಿನಲ್ಲಿ ದಿನನಿತ್ಯದ ಶುಲ್ಕವನ್ನು ಬಾಡಿಗೆದಾರನೂ, ಮೂಲಧನ ನಿಧಿ, ಕಟ್ಟಡದ ಹೊರಬಣ್ಣ, ಹೊಸ ಲಿಫ್ಟು, ಆಸ್ತಿ ತೆರಿಗೆ ಇವುಗಳನ್ನು ಮಾಲೀಕನೂ ಭರಿಸುವುದು ಸಾಮಾನ್ಯ. ಇದು ನ್ಯಾಯವೂ ಹೌದು: ಬಳಸಿ ಮುಗಿಯುವುದು ವಾಸಿಸುವವನದು, ಆಸ್ತಿಯಾಗಿ ಉಳಿಯುವುದು ಒಡೆಯನದು. ಮಾಸಿಕ ಬಾಡಿಗೆಯಿಲ್ಲದೆ ಇಡಿಗಂಟು ಕೊಟ್ಟು ಹಿಡಿಯುವ ಭೋಗ್ಯದ ಮನೆಗಳಲ್ಲಿಯೂ ಮಾಸಿಕ ಶುಲ್ಕವು ಬಹುಮಟ್ಟಿಗೆ ವಾಸಿಸುವವನ ಪಾಲಿನದೇ.

ತಕರಾರು ಏಳುವುದು ಹೆಚ್ಚಾಗಿ ಮನೆ ಬಿಡುವಾಗ, ಮುಂಗಡದಿಂದ ಬಾಕಿಯನ್ನು ಮುರಿದುಕೊಳ್ಳುವ ಹೊತ್ತಿಗೆ. 'ಬಾಡಿಗೆಯಲ್ಲಿ ಎಲ್ಲವೂ ಸೇರಿದೆ' ಎಂಬ ಬಾಯಿಮಾತಿಗೆ ಆಗ ಆಧಾರವಿರುವುದಿಲ್ಲ. ಶುಲ್ಕದ ಮೊತ್ತ, ಅದು ಏರಿದಾಗ ಹೆಚ್ಚಳವನ್ನು ಯಾರು ತೆರಬೇಕು, ಹಣ ಯಾರ ಕೈಗೆ ಸಲ್ಲಬೇಕು ಎಂಬ ಮೂರನ್ನೂ ಹನ್ನೊಂದು ತಿಂಗಳ ಕರಾರಿನಲ್ಲಿಯೂ ಬರೆಸಬಹುದು. ಸಂಘಕ್ಕೆ ನೇರವಾಗಿ ಕಟ್ಟುವ ಬಾಡಿಗೆದಾರನು ಪ್ರತಿ ತಿಂಗಳ ರಸೀದಿಯನ್ನು ಮುಂಗಡ ಹಿಂದಿರುಗುವವರೆಗೆ ಕಾಯ್ದಿರಿಸಿಕೊಳ್ಳಬೇಕು.