ಮಾರಾಟವಾದ ಮೇಲೆ ಬದಲಾದ ಸರಕು: ಒಂದು ಕಾರ್ಡಾಟದ ಪ್ರಸಂಗ

ಅಂಗಡಿಯ ಕಟ್ಟೆ ಇಳಿದ ಸರಕು ಗಿರಾಕಿಯದು ಎಂಬುದು ವ್ಯಾಪಾರದ ಹಳೆಯ ರೂಢಿ. ತೂಕ ಮಾಡಿ, ಹಣ ಎಣಿಸಿಕೊಂಡು, ರಸೀದಿ ಬರೆದುಕೊಟ್ಟ ಮೇಲೆ ವರ್ತಕನು ಆ ಸರಕಿನ ಮೇಲೆ ಕೈಯಿಡುವಂತಿಲ್ಲ. ಆದರೆ ಸರಕು ಗಣಕಯಂತ್ರದೊಳಗೇ ಇದ್ದು, ಅದರ ಬೀಗದ ಕೈ ಮಾರಿದವನ ಬಳಿಯೇ ಉಳಿದಿದ್ದರೆ ಈ ರೂಢಿಯ ಗತಿಯೇನು? 2021ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸಂಸ್ಥೆಯೊಂದು ತನ್ನ ಗಣಕ ಕಾರ್ಡಾಟಕ್ಕೆ ಹೊಸ ವಿಭಾಗವೊಂದನ್ನು ಸೇರಿಸಿದಾಗ ಆಟಗಾರರಲ್ಲಿ ಎದ್ದ ಅಸಮಾಧಾನವು ಈ ಪ್ರಶ್ನೆಯನ್ನೇ ಮುಂದಿಟ್ಟಿತು. ಮೇಲ್ನೋಟಕ್ಕೆ ಹುಡುಗಾಟದ ಸಂಗತಿಯೆನಿಸಿದರೂ, ಗಿರಾಕಿಯ ವಿಶ್ವಾಸವನ್ನೇ ಬಂಡವಾಳವಾಗಿ ನಂಬಿರುವ ವರ್ತಕರಿಗೆ ಇದರಲ್ಲಿ ಯೋಚಿಸತಕ್ಕ ವಿಷಯಗಳಿವೆ.

ಕಾಗದದಿಂದ ಪರದೆಗೆ

'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಈ ಆಟವನ್ನು ರೂಪಿಸಿದವರು ಗಣಿತದಲ್ಲಿ ಡಾಕ್ಟರೇಟ್ ಪಡೆದ ರಿಚರ್ಡ್ ಗಾರ್ಫೀಲ್ಡ್. ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯು 1993ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 1999ರಲ್ಲಿ ಆಟಿಕೆ ಉದ್ಯಮದ ಹ್ಯಾಸ್ಬ್ರೊ ಕಂಪನಿಯು ಆ ಸಂಸ್ಥೆಯನ್ನು ಕೊಂಡುಕೊಂಡಿತು. ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಆಡುತ್ತಾರೆ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ಮೊಹರು ಮಾಡಿದ ಪೊಟ್ಟಣಗಳನ್ನು ಕೊಂಡು, ತನಗೆ ಬೇಕಾದ ಕಾರ್ಡುಗಳನ್ನು ಆರಿಸಿ, ಸಾಮಾನ್ಯವಾಗಿ 60 ಕಾರ್ಡುಗಳ ಸ್ವಂತ ಕಟ್ಟನ್ನು ಹೊಂದಿಸಿಕೊಳ್ಳಬೇಕು. ಆದುದರಿಂದ ಇದು ಆಟವೂ ಹೌದು, ಸಂಗ್ರಹವೂ ಹೌದು.

ಇದೇ ಆಟದ ಗಣಕ ರೂಪವಾದ 'ಅರೇನಾ' 2019ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು. 2021ರಲ್ಲಿ ಮೊಬೈಲ್ ಫೋನಿಗೂ ಬಂದಿತು. ಕಾಗದದ ಕಾರ್ಡನ್ನು ಬೇಡವೆನಿಸಿದಾಗ ಮಾರಬಹುದು, ಸ್ನೇಹಿತರೊಡನೆ ಬದಲಾಯಿಸಿಕೊಳ್ಳಬಹುದು. ಅರೇನಾದಲ್ಲಿ ಈ ಅವಕಾಶವಿಲ್ಲ. ಅಲ್ಲಿ 'ವೈಲ್ಡ್‌ಕಾರ್ಡ್' ಎಂಬ ಒಂದು ಬಗೆಯ ಚೀಟಿ ದೊರೆಯುತ್ತದೆ. ಅದನ್ನು ಕೊಟ್ಟು ಅದೇ ದರ್ಜೆಯ ಯಾವ ಕಾರ್ಡನ್ನಾದರೂ ಪಡೆಯಬಹುದು. ಒಮ್ಮೆ ಕೊಟ್ಟ ಚೀಟಿ ಹಿಂದಿರುಗುವುದಿಲ್ಲ. ಅಪರೂಪದ ದರ್ಜೆಯ ಚೀಟಿಯನ್ನು ಸಂಪಾದಿಸಲು ದಿನಗಟ್ಟಲೆ ಆಡಬೇಕು, ಇಲ್ಲವೇ ಹಣ ತೆರಬೇಕು. ಹೀಗಾಗಿ ಆಟಗಾರರು ಅದನ್ನು ಬಹಳ ಲೆಕ್ಕ ಹಾಕಿಯೇ ವೆಚ್ಚ ಮಾಡುತ್ತಾರೆ.

ಆಟದ ವಿಭಾಗಗಳನ್ನೂ ಇಲ್ಲಿ ತಿಳಿಯಬೇಕು. 'ಸ್ಟ್ಯಾಂಡರ್ಡ್' ವಿಭಾಗದಲ್ಲಿ ಇತ್ತೀಚಿನ ಸರಣಿಗಳ ಕಾರ್ಡುಗಳಿಗೆ ಮಾತ್ರ ಪ್ರವೇಶ. ಆಗಿನ ನಿಯಮದಂತೆ ವರ್ಷಕ್ಕೊಮ್ಮೆ ಹಳೆಯ ಸರಣಿಗಳು ಅಲ್ಲಿಂದ ಹೊರಬೀಳುತ್ತಿದ್ದವು. 2019ರ ನವೆಂಬರ್‌ನಲ್ಲಿ ಆರಂಭವಾದ 'ಹಿಸ್ಟಾರಿಕ್' ವಿಭಾಗದಲ್ಲಿ ಕಾರ್ಡುಗಳಿಗೆ ಇಂತಹ ಅವಧಿಯ ಮಿತಿ ಇರಲಿಲ್ಲ. ಬಾಳಿಕೆ ಬರುವ ಸರಕಿಗೆ ಹಣ ಹಾಕುವ ಜಾಣ ಗಿರಾಕಿಯಂತೆ ಅನೇಕ ಆಟಗಾರರು ತಮ್ಮ ಚೀಟಿಗಳನ್ನು ಹಿಸ್ಟಾರಿಕ್ ವಿಭಾಗಕ್ಕೆಂದೇ ವಿನಿಯೋಗಿಸಿದ್ದರು.

ಹೊಸ ವಿಭಾಗದ ಆಗಮನ

2021ರ ಡಿಸೆಂಬರ್ 2ರಂದು ಸಂಸ್ಥೆಯು 'ಆಲ್ಕೆಮಿ' ಎಂಬ ಹೊಸ ವಿಭಾಗವನ್ನು ಪ್ರಕಟಿಸಿ, ಡಿಸೆಂಬರ್ 9ರಂದು ಜಾರಿಗೆ ತಂದಿತು. ಪ್ರಕಟಣೆಗೂ ಜಾರಿಗೂ ನಡುವಣ ಅಂತರ ಒಂದೇ ವಾರ. ಹೊಸ ವಿಭಾಗದಲ್ಲಿ ಎರಡು ವಿಶೇಷಗಳಿದ್ದವು. ಕಾಗದದ ರೂಪದಲ್ಲಿ ಎಂದೂ ಮುದ್ರಣವಾಗದ, ಪರದೆಗಷ್ಟೇ ಸೀಮಿತವಾದ 63 ಹೊಸ ಕಾರ್ಡುಗಳು ಮೊದಲನೆಯದು. ಈಗಾಗಲೇ ಆಟಗಾರರ ಕೈಯಲ್ಲಿದ್ದ ಕೆಲವು ಕಾರ್ಡುಗಳ ಗುಣವನ್ನೇ ತಿದ್ದುವುದು ಎರಡನೆಯದು.

'ಲೂಮಿನಾರ್ಕ್ ಆಸ್ಪಿರೆಂಟ್' ಎಂಬ ಕಾರ್ಡನ್ನು ಉದಾಹರಣೆಗೆ ನೋಡಬಹುದು. 2020ರ ಸರಣಿಯೊಂದರಲ್ಲಿ ಬಂದ ಈ ಕಾರ್ಡನ್ನು ಹೂಡಿದವನು ತನ್ನ ಪ್ರತಿ ಸರದಿಯಲ್ಲಿ, ಕಾಳಗ ತೊಡಗುವ ಹೊತ್ತಿಗೇ, ತನ್ನ ಒಂದು ಯೋಧನ ಬಲವನ್ನು ಒಂದಂಶ ಹೆಚ್ಚಿಸಿಕೊಳ್ಳಬಹುದಿತ್ತು. ತಿದ್ದುಪಡಿಯ ನಂತರ ಆ ಹೆಚ್ಚಳವು ಸರದಿಯ ಕೊನೆಗೆ ದೊರೆಯುವಂತಾಯಿತು. ಬದಲಾದದ್ದು ಒಂದೇ ಸಾಲು. ಆದರೆ ಸಂತೆಗೆ ಮುನ್ನ ಬಂದ ಸರಕಿಗೂ ಸಂತೆ ಕಳೆದ ಮೇಲೆ ಬಂದ ಸರಕಿಗೂ ಎಷ್ಟು ವ್ಯತ್ಯಾಸವೋ, ಇಲ್ಲಿಯೂ ಅಷ್ಟೇ ವ್ಯತ್ಯಾಸ.

ಸಂಸ್ಥೆಯ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಪರದೆಯ ಮೇಲೆ ಆಟಗಳು ಎಡೆಬಿಡದೆ ನಡೆಯುವುದರಿಂದ ಗೆಲ್ಲುವ ಕಟ್ಟುಗಳು ಯಾವುವೆಂಬುದು ಬೇಗನೆ ಎಲ್ಲರಿಗೂ ತಿಳಿದುಬಿಡುತ್ತದೆ. ಆ ಬಳಿಕ ಎಲ್ಲರೂ ಅವನ್ನೇ ಹಿಡಿದು ಆಟವು ನೀರಸವಾಗುತ್ತದೆ. ಕಾಗದದ ಕಾರ್ಡನ್ನು ತಿದ್ದಲು ಬರುವುದಿಲ್ಲ. ಅತಿಯಾಗಿ ಬಲವಾದರೆ ನಿಷೇಧಿಸಬೇಕಷ್ಟೆ. ಪರದೆಯ ಕಾರ್ಡನ್ನಾದರೆ ತಿದ್ದಿ ಉಳಿಸಿಕೊಳ್ಳಬಹುದು, ದುರ್ಬಲವಾದವನ್ನು ಬಲಪಡಿಸಲೂಬಹುದು. ಹೊಸತನವನ್ನು ಬಯಸುವ ಆಟಗಾರರಲ್ಲಿ ಕೆಲವರು ಈ ಕಾರಣಕ್ಕಾಗಿಯೇ ಆಲ್ಕೆಮಿಯನ್ನು ಸ್ವಾಗತಿಸಿದರು.

ಆಟಗಾರರ ಆಕ್ಷೇಪಗಳು

ಆದರೆ ವಿರೋಧದ ದನಿಯೇ ಹೆಚ್ಚು ಗಟ್ಟಿಯಾಗಿ ಕೇಳಿಸಿತು. ಹೊಸ ವಿಭಾಗ ಬಂದುದಕ್ಕಿಂತ ಅದರ ತಿದ್ದುಪಡಿಗಳು ಹಿಸ್ಟಾರಿಕ್ ವಿಭಾಗಕ್ಕೂ ಅನ್ವಯವಾದದ್ದು ಆಟಗಾರರನ್ನು ಕೆರಳಿಸಿತು. ಸ್ಟ್ಯಾಂಡರ್ಡ್‌ನಲ್ಲಿ ಕಾರ್ಡುಗಳು ಮೂಲರೂಪದಲ್ಲಿಯೇ ಉಳಿದವು. ಹಿಸ್ಟಾರಿಕ್‌ನಲ್ಲಿ ಮಾತ್ರ ತಿದ್ದಿದ ರೂಪವೇ ನಡೆಯಬೇಕಾಯಿತು. ಹೊಸ ವಿಭಾಗದತ್ತ ತಲೆಯನ್ನೂ ಹಾಕದವನ ಕಟ್ಟು ಸಹ ಹೀಗೆ ರಾತ್ರೋರಾತ್ರಿ ಬದಲಾಯಿತು.

ಪರಿಹಾರದ ಪ್ರಶ್ನೆಯು ಈ ಬೇಸರವನ್ನು ಇನ್ನಷ್ಟು ಹೆಚ್ಚಿಸಿತು. ಕಾರ್ಡೊಂದನ್ನು ನಿಷೇಧಿಸಿದಾಗ ಅದಕ್ಕೆ ಪ್ರತಿಯಾಗಿ ವೈಲ್ಡ್‌ಕಾರ್ಡ್ ಕೊಡುವ ಪದ್ಧತಿ ಅರೇನಾದಲ್ಲಿತ್ತು. ತಿದ್ದಿದ ಕಾರ್ಡುಗಳಿಗೆ ಅಂತಹ ಪರಿಹಾರ ದೊರೆಯಲಿಲ್ಲ. ನಿಷೇಧವಾಗಿದ್ದರೆ ಚೀಟಿಯಾದರೂ ಕೈಗೆ ಬರುತ್ತಿತ್ತು, ಈಗ ಕಾರ್ಡಿನ ಬಲವೂ ಇಲ್ಲ, ಚೀಟಿಯೂ ಇಲ್ಲ ಎಂಬುದು ಆಟಗಾರರ ಅಳಲಾಗಿತ್ತು. ಇದೇ ಮಾರುಕಟ್ಟೆಯ ಪ್ರತಿಸ್ಪರ್ಧಿಯಾದ ಬ್ಲಿಝರ್ಡ್ ಸಂಸ್ಥೆಯ 'ಹಾರ್ತ್‌ಸ್ಟೋನ್' ಆಟದಲ್ಲಿ ಕಾರ್ಡೊಂದರ ಬಲ ತಗ್ಗಿಸಿದಾಗ, ನಿಗದಿತ ಅವಧಿಯೊಳಗೆ ಅದನ್ನು ಹಿಂದಿರುಗಿಸಿದವರಿಗೆ ಅದರ ಪೂರ್ಣ ಮೌಲ್ಯವನ್ನು ಕೊಡುವ ಪದ್ಧತಿ ನಡೆದುಬಂದಿತ್ತು. ಎದುರಂಗಡಿಯ ಈ ವಾಡಿಕೆಯನ್ನು ಬಲ್ಲ ಗಿರಾಕಿಗಳು ತಮ್ಮ ಅಂಗಡಿಯ ನಡತೆಯನ್ನು ಅದರೊಡನೆ ಹೋಲಿಸಿ ನೋಡಿದ್ದು ಸಹಜವೇ.

ಕಾಗದದ ಪಂದ್ಯಗಳಿಗೆ ಅಭ್ಯಾಸ ಮಾಡಲೆಂದು ಅರೇನಾಕ್ಕೆ ಬರುತ್ತಿದ್ದವರ ತೊಂದರೆ ಬೇರೆಯದು. ಒಂದೇ ಹೆಸರಿನ, ಒಂದೇ ಚಿತ್ರದ ಕಾರ್ಡು ಮೇಜಿನ ಮೇಲೆ ಒಂದು ಬಗೆ, ಪರದೆಯ ಮೇಲೆ ಇನ್ನೊಂದು ಬಗೆಯಾಗಿ ವರ್ತಿಸತೊಡಗಿತು. 2019ರಲ್ಲಿ ಕಾಗದದ ಆಟಕ್ಕೆ ಬಂದಿದ್ದ 'ಪಯೋನಿಯರ್' ವಿಭಾಗವನ್ನು ಅರೇನಾಕ್ಕೂ ತರಬೇಕೆಂದು ಇಂತಹವರು ಬಯಸಿದ್ದರು. ಕೇಳಿದ್ದು ಒಂದು, ಬಂದದ್ದು ಇನ್ನೊಂದು ಎಂಬ ಭಾವನೆ ಅವರಲ್ಲಿ ಮೂಡಿತು.

ಹಿಂದಿನ ಒಂದು ನಿದರ್ಶನ

ಆಟಗಾರರ ಮಾತಿಗೆ ಸಂಸ್ಥೆಯು ಕಿವಿಗೊಟ್ಟ ನಿದರ್ಶನವೂ ಇದೆ. 2019ರಲ್ಲಿ ಹಿಸ್ಟಾರಿಕ್ ವಿಭಾಗವನ್ನು ಯೋಜಿಸುವಾಗ, ಅದರ ಒಂದು ಕಾರ್ಡಿಗೆ ಒಂದರ ಬದಲು ಎರಡು ವೈಲ್ಡ್‌ಕಾರ್ಡ್ ತೆರಬೇಕೆಂದು ಸಂಸ್ಥೆಯು ಘೋಷಿಸಿತ್ತು. ಪ್ರತಿಭಟನೆ ಜೋರಾದಾಗ ವಿಭಾಗವು ಜಾರಿಗೆ ಬರುವ ಮುನ್ನವೇ ಆ ನಿಯಮವನ್ನು ಕೈಬಿಟ್ಟಿತು. ಬೆಲೆಯನ್ನು ಮೊದಲೇ ತಿಳಿಸಿದ್ದರಿಂದ ತಪ್ಪನ್ನು ತಿದ್ದಿಕೊಳ್ಳಲು ಕಾಲಾವಕಾಶವಿತ್ತು. ಆಲ್ಕೆಮಿಯ ಪ್ರಸಂಗದಲ್ಲಿ ಒಂದು ವಾರದೊಳಗೆ ಎಲ್ಲವೂ ಜಾರಿಯಾದ್ದರಿಂದ ಚರ್ಚೆಗೆ ಎಡೆಯೇ ಉಳಿಯಲಿಲ್ಲ.

ಕೊನೆಗೆ ದೊರೆತ ದಾರಿ

ಸಂಸ್ಥೆಯು ಆಲ್ಕೆಮಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಬದಲಿಗೆ 2022ರ ಏಪ್ರಿಲ್‌ನಲ್ಲಿ 'ಎಕ್ಸ್‌ಪ್ಲೋರರ್' ಎಂಬ ಇನ್ನೊಂದು ವಿಭಾಗವನ್ನು ತೆರೆಯಿತು. ಪರದೆಗೆಂದೇ ರಚಿಸಿದ ಕಾರ್ಡುಗಳಿಗಾಗಲಿ ತಿದ್ದಿದ ಕಾರ್ಡುಗಳಿಗಾಗಲಿ ಅಲ್ಲಿ ಪ್ರವೇಶವಿರಲಿಲ್ಲ. ಅರೇನಾವನ್ನು ಪಯೋನಿಯರ್‌ನತ್ತ ಒಯ್ಯುವುದೇ ಅದರ ಉದ್ದೇಶವಾಗಿತ್ತು. 2023ರ ಡಿಸೆಂಬರ್‌ನಲ್ಲಿ ಬಂದ 'ಟೈಮ್‌ಲೆಸ್' ವಿಭಾಗದಲ್ಲಿ ಕಾರ್ಡುಗಳು ಮತ್ತೆ ಮೂಲಗುಣದೊಡನೆಯೇ ನಡೆಯುವಂತಾಯಿತು. ಹೊಸತು ಬೇಕಾದವರಿಗೆ ಒಂದು ಕೊಠಡಿ, ಹಳೆಯದನ್ನು ಇದ್ದಂತೆಯೇ ಬಯಸುವವರಿಗೆ ಇನ್ನೊಂದು ಎಂಬ ವ್ಯವಸ್ಥೆಯು ಹೀಗೆ ಎರಡು ವರ್ಷಗಳ ನಂತರ ರೂಪುಗೊಂಡಿತು. ಮೊದಲ ದಿನವೇ ಇದು ಆಗಿದ್ದರೆ ಹೆಚ್ಚಿನ ಮನಸ್ತಾಪಕ್ಕೆ ಕಾರಣವೇ ಇರುತ್ತಿರಲಿಲ್ಲ.

ಈ ಅಸಮಾಧಾನದಿಂದ ಉದ್ಯಮವೇನೂ ಮುಳುಗಲಿಲ್ಲ ಎಂಬುದನ್ನೂ ಹೇಳಬೇಕು. 2022ರಲ್ಲಿ ಮ್ಯಾಜಿಕ್ ಆಟದ ವಾರ್ಷಿಕ ಆದಾಯವು 100 ಕೋಟಿ ಡಾಲರುಗಳನ್ನು ದಾಟಿತು. ಮೂರು ದಶಕಗಳ ಹೆಸರುಳ್ಳ ಸಂಸ್ಥೆಗೆ ಇಂತಹ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿಯಿರುತ್ತದೆ. ಬೀದಿಯ ಎರಡು ತುದಿಗಳಲ್ಲಿಯೂ ಪೈಪೋಟಿಯಿರುವ ಸಣ್ಣ ವರ್ತಕನಿಗೆ ಆ ಶಕ್ತಿಯಿರುವುದಿಲ್ಲ.

ವರ್ತಕರು ಗಮನಿಸಬೇಕಾದದ್ದು

ಇಂದು ನಮ್ಮ ವರ್ತಕರೂ ಸಣ್ಣ ಕೈಗಾರಿಕೆಗಳವರೂ ಇಂತಹ ಸರಕಿನ ಗಿರಾಕಿಗಳೇ ಆಗಿದ್ದಾರೆ. ಲೆಕ್ಕಪತ್ರದ ತಂತ್ರಾಂಶ, ದಾಸ್ತಾನು ನೋಡಿಕೊಳ್ಳುವ ವ್ಯವಸ್ಥೆ, ಗಣಕದಿಂದ ನಡೆಯುವ ಯಂತ್ರ ಇವುಗಳನ್ನೆಲ್ಲ ಮಾರಿದವರು ದೂರದಿಂದಲೇ ಬದಲಾಯಿಸಬಲ್ಲರು. ಕೊಳ್ಳುವಾಗ ಬೆಲೆಯ ಜೊತೆಗೆ ಮೂರು ಮಾತುಗಳನ್ನು ಕರಾರಿನಲ್ಲಿಯೇ ಕೇಳಿ ತಿಳಿಯುವುದು ಲೇಸು: ಮುಂದೆ ಬದಲಾವಣೆಯಾದರೆ ಎಷ್ಟು ದಿನ ಮುಂಚಿತವಾಗಿ ತಿಳಿಸುತ್ತಾರೆ, ಹಳೆಯ ರೂಪದಲ್ಲಿಯೇ ಮುಂದುವರಿಯಲು ಅವಕಾಶವಿದೆಯೇ, ನಷ್ಟವಾದರೆ ಪರಿಹಾರವೇನು.

ಮಾರುವವರ ಸ್ಥಾನದಲ್ಲಿ ನಿಂತಾಗಲೂ ಇವೇ ಮಾತುಗಳು ಅನ್ವಯಿಸುತ್ತವೆ. ತಯಾರಕನು ಸರಕಿನ ಅಳತೆಯನ್ನೋ ಮಿಶ್ರಣವನ್ನೋ ಬದಲಿಸಬೇಕಾಗಿ ಬರುವುದುಂಟು. ಅದು ಸುಧಾರಣೆಯೇ ಆಗಿರಲೂಬಹುದು. ಆದರೆ ಹಳೆಯ ಅಳತೆಯನ್ನು ನಂಬಿ ತನ್ನ ಯಂತ್ರವನ್ನು ಹೊಂದಿಸಿಕೊಂಡ ಗಿರಾಕಿಗೆ ಆ ಸುಧಾರಣೆ ನಷ್ಟವಾಗಿಯೇ ಕಾಣುತ್ತದೆ. ಆಲ್ಕೆಮಿ ಬಂದಾಗ ಹಿಸ್ಟಾರಿಕ್ ಆಟಗಾರನು ಹೊಸ ಕಾರ್ಡುಗಳನ್ನು ಬೇಡವೆನ್ನಲಿಲ್ಲ. ಹಣ ಕೊಟ್ಟು, ಕಾಲ ಕೊಟ್ಟು ಪಡೆದ ತನ್ನ ಕಟ್ಟನ್ನು ತನ್ನನ್ನು ಕೇಳದೆ ಮುಟ್ಟಬಾರದೆಂದಷ್ಟೇ ಹೇಳಿದನು. ಯಾವ ವ್ಯಾಪಾರದ ಗಿರಾಕಿಯಾದರೂ ಆಡಬಹುದಾದ ಮಾತು ಇದು.