ಹರೆಯದ ವೋಟು ಕಳೆದುಹೋದದ್ದೆಲ್ಲಿ?

1971ರಲ್ಲಿ ಅಮೆರಿಕ ತನ್ನ ಸಂವಿಧಾನಕ್ಕೆ 26ನೇ ತಿದ್ದುಪಡಿ ತಂದು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹದಿನೆಂಟರ ಹುಡುಗನನ್ನು ವಿಯೆಟ್ನಾಂ ಯುದ್ಧಕ್ಕೆ ಅಟ್ಟಬಹುದಾದರೆ ಅವನಿಗೆ ವೋಟು ಯಾಕಿಲ್ಲ ಎಂಬ ವಾದ ಗೆದ್ದಿತ್ತು. ಮರುವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ಹೊಸಬರಲ್ಲಿ ಸುಮಾರು ಅರ್ಧದಷ್ಟು ಜನ ಮತಗಟ್ಟೆಗೆ ಬಂದರು. 1996ರ ಹೊತ್ತಿಗೆ ಅದು ಮೂವರಲ್ಲಿ ಒಬ್ಬರ ಆಸುಪಾಸಿಗೆ ಕುಸಿದಿತ್ತು. ‘ಈ ಕಾಲದ ಹುಡುಗರಿಗೆ ದೇಶದ ಚಿಂತೆಯೇ ಇಲ್ಲ’ ಎಂದು ಹಿರಿಯರು ತೀರ್ಪು ಕೊಟ್ಟರು.

ತೀರ್ಪು ಸರಿಯೇ ಎಂದು ಪರೀಕ್ಷಿಸಲು ಬೇಕಾದ ಸಾಮಗ್ರಿ ಸರ್ಕಾರಿ ಕಡತದಲ್ಲೇ ಇತ್ತು. ಅಮೆರಿಕದಲ್ಲಿ ಯಾರಿಗೆ ವೋಟು ಹಾಕಿದಿರಿ ಎಂಬುದು ಗುಟ್ಟು. ಹಾಕಿದಿರೋ ಇಲ್ಲವೋ ಎಂಬುದು ದಾಖಲೆ. ಹಾಗಾಗಿ ಕೇಳಿಕೊಂಡರೆ ಜನ ಬರುತ್ತಾರೆಯೇ ಎಂದು ನೋಡಬಹುದು. ಆದರೆ ಪಕ್ಷದವರು ಮಾತಾಡಿಸಿದವರನ್ನೂ ಮಾತಾಡಿಸದವರನ್ನೂ ಸುಮ್ಮನೆ ಹೋಲಿಸಿದರೆ ಮೋಸಹೋಗುತ್ತೇವೆ. ಕಾರ್ಯಕರ್ತರು ಹೋಗುವುದೇ ಹೇಗಿದ್ದರೂ ವೋಟು ಹಾಕುವವರ ಮನೆಗೆ. ಆದ್ದರಿಂದ ಯಾರನ್ನು ಮಾತಾಡಿಸಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಆಮೇಲೆ ಹೋಲಿಸಬೇಕು.

1924ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಹೆರಾಲ್ಡ್ ಗಾಸ್ನೆಲ್ ನಗರದ ಸುಮಾರು 6,000 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ‘ಹೆಸರು ನೋಂದಾಯಿಸಿ, ವೋಟು ಹಾಕಿ’ ಎಂದು ಅಂಚೆಯಲ್ಲಿ ನೆನಪಿಸಿದ್ದರು. ಕಾಗದ ತಲುಪಿದವರಲ್ಲಿ ಮತದಾನ ಹೆಚ್ಚಿತು. ಆದರೆ ಅವರು ಪಾಲು ಮಾಡಿದ್ದು ಚೀಟಿ ಎತ್ತಿ ಅಲ್ಲ. ಮುಂದೆ ದಶಕಗಟ್ಟಲೆ ರಾಜಕೀಯಶಾಸ್ತ್ರ ಪ್ರಯೋಗದ ದಾರಿಯನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತು.

ಅದನ್ನು ಮತ್ತೆ ಹಿಡಿದವರು ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್. 1998ರ ನವೆಂಬರ್ ಚುನಾವಣೆಗೆ ಮುನ್ನ ನ್ಯೂ ಹೇವನ್ ನಗರದ ಸುಮಾರು 30,000 ಮತದಾರರನ್ನು ಅವರು ಲಾಟರಿಯಂತೆ ಹಂಚಿದರು. ಕೆಲವರ ಮನೆಗೆ ಜನ ಹೋದರು, ಕೆಲವರಿಗೆ ಅಂಚೆ ಹೋಯಿತು, ಕೆಲವರಿಗೆ ಕೂಲಿಗೆ ಕರೆ ಮಾಡುವ ಕಂಪನಿಯಿಂದ ಫೋನು. ದೊಡ್ಡದೊಂದು ಗುಂಪಿನ ತಂಟೆಗೆ ಯಾರೂ ಹೋಗಲಿಲ್ಲ. ಚುನಾವಣೆ ಮುಗಿದ ಮೇಲೆ ಕಡತ ತೆರೆದರೆ, ಬಾಗಿಲಲ್ಲಿ ಎದುರುಬದುರು ಮಾತಿಗೆ ಸಿಕ್ಕವರಲ್ಲಿ ಮತದಾನ ಸುಮಾರು 9 ಶೇಕಡಾ ಅಂಶ ಏರಿತ್ತು. ಅಂಚೆಯಿಂದ ಅಲ್ಪಸ್ವಲ್ಪ ಲಾಭ. ಫೋನಿನಿಂದ ಏನೂ ಇಲ್ಲ. ಫೋನಿನ ಲೆಕ್ಕದ ಬಗ್ಗೆ ರಾಜಕೀಯಶಾಸ್ತ್ರಜ್ಞ ಕೊಸುಕೆ ಇಮಾಯ್ 2005ರಲ್ಲಿ ತಕರಾರು ತೆಗೆದರು, ಜಗ್ಗಾಟ ನಡೆಯಿತು. ಆದರೆ ಮನೆಭೇಟಿಗೆ ಬಲವಿದೆ ಎಂಬುದು ಮುಂದಿನ ಪ್ರಯೋಗಗಳಲ್ಲೂ ಮತ್ತೆ ಮತ್ತೆ ಕಂಡಿತು.

ಹಾಗಾದರೆ ‘ಚಿಂತೆಯೇ ಇಲ್ಲದ’ ಹುಡುಗರು? 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಗ್ರೀನ್ ಮತ್ತು ಗರ್ಬರ್ ಕಾಲೇಜು ಊರುಗಳಲ್ಲಿ ಇದೇ ಪರೀಕ್ಷೆ ಇಟ್ಟರು. ಕೊಲೊರಾಡೊದ ಬೌಲ್ಡರ್, ಆರೆಗಾನ್‌ನ ಯೂಜೀನ್ ಊರುಗಳಲ್ಲಿ ಮನೆಭೇಟಿಯಿಂದ ಮತದಾನ ಸುಮಾರು 8.5 ಅಂಶ ಏರಿತು. ನ್ಯೂ ಹೇವನ್ನಿನಲ್ಲಿ ಸೋತಿದ್ದ ಫೋನು ಕೂಡ ಇಲ್ಲಿ ಸುಮಾರು 5 ಅಂಶ ತಂದಿತು. ಕಾರಣ ಮಾತಿನ ಧಾಟಿ ಇರಬಹುದು: ಕಂಪನಿಯ ಫೋನಿನಲ್ಲಿ ಬರೆದುಕೊಟ್ಟದ್ದನ್ನು ಗಡಿಬಿಡಿಯಲ್ಲಿ ಒಪ್ಪಿಸುತ್ತಾರೆ. ಸಾವಧಾನವಾಗಿ ಹರಟೆಯ ಧಾಟಿಯಲ್ಲಿ ಮಾತಾಡಿಸಿದರೆ ಪರಿಣಾಮ ಬೇರೆ ಎಂದು ನಂತರದ ಪ್ರಯೋಗಗಳು ತೋರಿಸಿದವು.

ಕೇಳಿದರೆ ಬರುವವರು ಮತ್ತೇಕೆ ಬರುತ್ತಿರಲಿಲ್ಲ ಎಂಬ ಗಂಟು ಬಿಡಿಸಿದ್ದು ಯೇಲ್‌ನಲ್ಲೇ ಓದಿದ ಡೇವಿಡ್ ನಿಕರ್ಸನ್. 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಹಲವು ಪ್ರಯೋಗಗಳನ್ನು ಜೋಡಿಸಿ ನೋಡಿದರು. ಮಾತಿಗೆ ಸಿಕ್ಕ ಮೇಲೆ ಎಳೆಯರು ಹಿರಿಯರಷ್ಟೇ ಓಗೊಡುತ್ತಾರೆ, ಕಷ್ಟವಿರುವುದು ಸಿಗುವುದರಲ್ಲಿ. ಹಾಸ್ಟೆಲು, ಬಾಡಿಗೆ ಕೋಣೆ, ಹೊಸ ಕೆಲಸ ಎಂದು ಅವರು ಊರು ಬದಲಿಸುತ್ತಿರುತ್ತಾರೆ. ಆಗ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹೆಸರು ನೋಂದಾಯಿಸುವ ಹೊಣೆ ಮತದಾರನದೇ ಆಗಿದ್ದರಿಂದ ಪಟ್ಟಿಯ ವಿಳಾಸ ಬೇಗ ಹಳತಾಗುತ್ತಿತ್ತು. ಒಬ್ಬ ತರುಣನನ್ನು ಹುಡುಕುವ ಖರ್ಚಿನಲ್ಲಿ ಒಬ್ಬರಿಗಿಂತ ಹೆಚ್ಚು ಹಿರಿಯರನ್ನು ಮಾತಾಡಿಸಬಹುದು ಎಂಬುದು ಪಕ್ಷಗಳಿಗೆ ಸುಲಭವಾದ ಲೆಕ್ಕ. ಮಾತಾಡಿಸದವರು ಬರುವುದಿಲ್ಲ, ಬರಲಿಲ್ಲವೆಂದು ಮುಂದಿನ ಸಲವೂ ಅವರನ್ನು ಬಿಡುತ್ತಾರೆ.

ಎಂಟೊಂಬತ್ತು ಅಂಶ ಸೇರಿಸಿದ ಮಾತ್ರಕ್ಕೆ ಎಳೆಯರಿಗೂ ಹಿರಿಯರಿಗೂ ನಡುವಿನ ಅಂತರ ಮುಚ್ಚುವುದಿಲ್ಲ. ಆದರೂ ನಿರಾಸಕ್ತಿ ಎಂದು ಹೆಸರಿಟ್ಟಿದ್ದರಲ್ಲಿ ಒಂದು ಪಾಲು ಹುಡುಗರದ್ದಲ್ಲ, ಅವರನ್ನು ಕೇಳಲು ಹೋಗದವರದ್ದು ಎಂಬುದಕ್ಕೆ ಈಗ ಲೆಕ್ಕವಿದೆ.