ಬಣ್ಣದ ಮೀನು: ಹೊಸಬರು ಮೊದಲು ಯಾವುದನ್ನು ಆರಿಸಬೇಕು?

ಕಡಯಂಪಟ್ಟಿಯ ಕಡೆ ಕೊಳವೆ ಬಾವಿಯ ನೀರನ್ನು ಬಯ್ಯದ ಮನೆ ಕಡಿಮೆ. ಬೇಳೆ ಹಾಕಿದರೆ ಬೇಗ ಬೇಯದು. ಸಾಬೂನು ತಿಕ್ಕಿದರೆ ನೊರೆ ಏಳದು. ನೀರು ಕಾಸುವ ಹಂಡೆಯೊಳಗೆ ಸುಣ್ಣ ಬಳಿದಂತೆ ಬಿಳಿಯ ಪೊರೆ ಕಟ್ಟುತ್ತದೆ. ಇಂಥ ಗಡುಸು ನೀರಿನಿಂದಲೂ ಒಂದು ಪ್ರಯೋಜನ ಉಂಟೆಂದರೆ ನಗುವವರೇ ಹೆಚ್ಚು. ಆದರೆ ಉಂಟು. ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಬಣ್ಣದ ಮೀನುಗಳಲ್ಲಿ ಕೆಲವು ಜಾತಿಗಳಿಗೆ ಈ ನೀರೇ ಹಿತ.

“ಹಿತ್ತಿಲಲ್ಲಿ ಬಣ್ಣದ ಮೀನು ಮರಿ ಮಾಡಿಸಿ ಮಾರಬಹುದಂತೆ, ನಿಜವೆ?” ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನಿಜವೇ. ಮದರಾಸಿನ ಮಗ್ಗುಲಿನ ಕೊಳತ್ತೂರಿನಲ್ಲಿ (ನಮ್ಮ ಮೇಟ್ಟೂರಿನ ಹತ್ತಿರದ ಕೊಳತ್ತೂರಲ್ಲ) ಈ ಕಸಬು ಮನೆಮನೆಯ ಕೈಕೆಲಸವಾಗಿ ಬೆಳೆದು, ಇಂದು ದೇಶದ ಬೇರೆ ಬೇರೆ ಊರುಗಳಿಗೆ ಅಲ್ಲಿಂದ ಮೀನು ಹೋಗುತ್ತದೆ. ಆದರೆ ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ ಮೀನನ್ನು ಮೊದಲು ಕೊಂಡು, ಆಮೇಲೆ ನೀರಿನ ಯೋಚನೆ ಮಾಡುವವನು ಕೈ ಸುಟ್ಟುಕೊಳ್ಳುತ್ತಾನೆ. ಹೊಲಕ್ಕೆ ತಕ್ಕ ಬೀಜ ಎಂಬಂತೆ, ನೀರಿಗೆ ತಕ್ಕ ಮೀನು.

ಮರಿ ಹಾಕುವ ನಾಲ್ಕು ಜಾತಿ

ಹೊಸಬರಿಗೆ ತಕ್ಕವು ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಎಂಬ ನಾಲ್ಕು. ಇವು ಮೊಟ್ಟೆ ಇಡುವುದಿಲ್ಲ. ಈಜಬಲ್ಲ ಮರಿಗಳನ್ನೇ ಹಾಕುತ್ತವೆ. ಆದುದರಿಂದ ಮೊಟ್ಟೆಗೆ ಬೂಷ್ಟು ಹಿಡಿಯುವ, ಮೊಟ್ಟೆ ಒಡೆಯದೆ ಹಾಳಾಗುವ ಭಯವಿಲ್ಲ. ನಾಲ್ಕೂ ಅಮೆರಿಕ ಖಂಡದ ಬಿಸಿ ನಾಡುಗಳಿಂದ ಬಂದವು. ಗಡುಸು ನೀರನ್ನು ಸಹಿಸುತ್ತವೆ. ಮಾಲಿಯಂತೂ ತುಸು ಉಪ್ಪು ನೀರಿನಲ್ಲಿಯೂ ಬಾಳುತ್ತದೆ. ಗಪ್ಪಿಯನ್ನು ನಮ್ಮ ದೇಶದಲ್ಲಿ ಸೊಳ್ಳೆಯ ಮರಿ ತಿನ್ನಲೆಂದೂ ಬಹಳ ಕಾಲದಿಂದ ಬಳಸುತ್ತಿದ್ದಾರೆ.

ಗಂಡು ಹೆಣ್ಣನ್ನು ಗುರುತಿಸುವುದು ಸುಲಭ. ಗಪ್ಪಿಯ ಗಂಡು ಚಿಕ್ಕದು, ಬಾಲದಲ್ಲಿ ಬಣ್ಣವೆಲ್ಲ ಅದರದೇ. ಹೆಣ್ಣು ದೊಡ್ಡದು, ಬಣ್ಣ ಮಂಕು. ಬಸಿರಾದಾಗ ಹೊಟ್ಟೆಯ ಹಿಂಬದಿಯಲ್ಲಿ ಕಪ್ಪು ಮಚ್ಚೆ ದಟ್ಟವಾಗುತ್ತದೆ. ನಾಲ್ಕೂ ಜಾತಿಗಳಲ್ಲಿ ಗಂಡಿನ ಹೊಟ್ಟೆಯ ಕೆಳಗಿನ ಹಿಂದಿನ ಈಜುರೆಕ್ಕೆ ಕಡ್ಡಿಯಂತೆ ಚೂಪಾಗಿರುತ್ತದೆ; ಹೆಣ್ಣಿನದು ಬೀಸಣಿಗೆಯಂತೆ ಅಗಲ. ಒಂದು ಗಂಡಿಗೆ ಮೂರು ಹೆಣ್ಣಿನಂತೆ ಬಿಡಬೇಕು. ಗಂಡುಗಳು ಹೆಚ್ಚಾದರೆ ಹೆಣ್ಣುಗಳನ್ನು ಅಟ್ಟಾಡಿಸಿ ಸುಸ್ತು ಮಾಡುತ್ತವೆ. ಗಪ್ಪಿಯ ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಎಳೆಯ ಹೆಣ್ಣಾದರೆ ಕೆಲವೇ ಮರಿ, ಬಲಿತದ್ದಾದರೆ ಐವತ್ತನ್ನೂ ಮೀರಬಹುದು.

ನಾವು ಮಾಡಿದ ತಪ್ಪು

ನಾವು ಮೊದಲ ಸಲ ಗಪ್ಪಿ ತಂದಾಗ, ಒಳ್ಳೆಯ ಕೆಂಪು ಬಾಲದ ಗಂಡುಗಳನ್ನು ಒಂದೊಂದಾಗಿ ಆರಿಸಿದೆವು. ಹೆಣ್ಣನ್ನು ಮಾತ್ರ ಕಲಬೆರಕೆ ತೊಟ್ಟಿಯಿಂದ ಮೊಗೆದು ತಂದೆವು. ಹುಟ್ಟಿದ ಮರಿಗಳಲ್ಲಿ ಕೆಂಪು ಬಾಲದ್ದು ಒಂದೂ ಇರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಗಪ್ಪಿಯ ಹೆಣ್ಣು ಒಮ್ಮೆ ಕೂಡಿದ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಂಡು, ಅದರಿಂದಲೇ ಹಲವು ಸಲ ಮರಿ ಹಾಕಬಲ್ಲದು. ತಳಿ ಶುದ್ಧವಾಗಿರಬೇಕಾದರೆ ಗಂಡು ಹೆಣ್ಣುಗಳನ್ನು ಒಂದೇ ತಳಿಯ ತೊಟ್ಟಿಯಿಂದ ಕೊಳ್ಳಬೇಕು. ಮನೆಯಲ್ಲಿ ಹುಟ್ಟಿದ ಮರಿಗಳನ್ನು ಮೂರು ನಾಲ್ಕು ವಾರವಾಗುತ್ತಲೇ, ಗುರುತು ಹತ್ತಿದ ಕೂಡಲೇ, ಬೇರೆ ಬೇರೆ ಮಾಡಬೇಕು. ಕಲಬೆರಕೆ ಮೀನಿಗೆ ಪೇಟೆಯಲ್ಲಿ ಬೆಲೆಯಿಲ್ಲ.

ತೊಟ್ಟಿ, ನೀರು, ಆಹಾರ

ಹೊಸ ಸಿಮೆಂಟ್ ತೊಟ್ಟಿಯಲ್ಲಿ ಕೂಡಲೇ ಮೀನು ಬಿಡಬಾರದು. ಸಿಮೆಂಟಿನ ಕಾರ ಮೀನನ್ನು ಕೊಲ್ಲುತ್ತದೆ. ಎರಡು ಮೂರು ವಾರ ನೀರು ತುಂಬಿಸಿ, ನಡುನಡುವೆ ಹೊರಚೆಲ್ಲಿ, ಮತ್ತೆ ತುಂಬಿಸಿದರೆ ಕಾರ ಇಳಿಯುತ್ತದೆ. ಕೊಳವೆ ಬಾವಿಯ ನೀರನ್ನು ಒಂದು ದಿನ ಗಾಳಿಗೆ ಬಿಟ್ಟು ಬಳಸಬೇಕು. ಧರ್ಮಪುರಿ ಜಿಲ್ಲೆಯವರಿಗೆ 2013ರಿಂದ ಹೊಗೇನಕಲ್ ಯೋಜನೆಯ ಕಾವೇರಿ ನೀರು ಬರುತ್ತಿದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಎರಡು ದಿನ ತೆರೆದಿಡಬೇಕು. ಬೇಸಗೆಯಲ್ಲಿ ತೊಟ್ಟಿಯ ಮೇಲೆ ತೆಂಗಿನ ಗರಿಯ ಚಪ್ಪರವಾದರೂ ಇರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ತೆಗೆದ ನೀರನ್ನು ಬಾಳೆಗೋ ನುಗ್ಗೆಗೋ ಹಾಯಿಸಿ.

ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತವುಡನ್ನು ಸಮನಾಗಿ ನುಣ್ಣಗೆ ಪುಡಿಮಾಡಿ ಕೊಡಬಹುದು. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಉಳಿದ ಆಹಾರ ಕೊಳೆತು ನೀರು ಕೆಡುತ್ತದೆ. ಹಸಿವಿನಿಂದ ಸಾಯುವ ಮೀನಿಗಿಂತ ಹೆಚ್ಚು ತಿನಿಸಿ ಸಾಯಿಸಿದ ಮೀನೇ ಹೆಚ್ಚು. ಎಳೆಯ ಮರಿಗೆ ಬೇಯಿಸಿದ ಕೋಳಿಮೊಟ್ಟೆಯ ಅರಿಶಿನ ಭಾಗವನ್ನು ಬಟ್ಟೆಯಲ್ಲಿ ಸೋಸಿ ಚಿಟಿಕೆಯಷ್ಟು ಕೊಡಿ. ಹೆತ್ತ ತಾಯಿಯೇ ಮರಿಯನ್ನು ತಿನ್ನುವುದುಂಟು. ಅದಕ್ಕೆ ತೊಟ್ಟಿಯ ಒಂದು ಮೂಲೆಯಲ್ಲಿ ನೀರುಗಿಡವನ್ನು ದಟ್ಟವಾಗಿ ಬಿಟ್ಟರೆ ಮರಿಗಳು ಅದರಲ್ಲಿ ಅಡಗಿ ಉಳಿಯುತ್ತವೆ.

ಮುಂದಿನ ಮೆಟ್ಟಿಲು

ಒಂದು ವರ್ಷ ಕೈ ಪಳಗಿದ ಮೇಲೆ, ನೊರೆಯ ಗೂಡು ಕಟ್ಟಿ ಗಂಡೇ ಮೊಟ್ಟೆ ಕಾಯುವ ಗೌರಾಮಿ, ಫೈಟರ್ ಜಾತಿಗಳನ್ನೂ, ಬಳಿಕ ಗೋಲ್ಡ್‌ಫಿಶ್ ಅನ್ನೂ ನೋಡಬಹುದು. ಮೆದು ನೀರು ಕೇಳುವ ನಿಯಾನ್ ಟೆಟ್ರಾ, ಡಿಸ್ಕಸ್ ಮೀನುಗಳ ಮರಿ ಮಾಡಿಸುವುದು ನಮ್ಮ ನೀರಿನಲ್ಲಿ ಹೊಸಬರ ಕೆಲಸವಲ್ಲ.

ಲೆಕ್ಕವನ್ನೂ ಹಾಕಬೇಕು. ಹತ್ತು ಹೆಣ್ಣು, ತಲಾ ಮೂವತ್ತು ಮರಿ ಎಂದರೆ ತಿಂಗಳಿಗೆ ಮುನ್ನೂರು. ಕಾಗದದ ಮೇಲೆ ಇದು ಸೊಗಸು. ಆದರೆ ಮೂರು ತಿಂಗಳು ಅವುಗಳನ್ನು ಬೆಳೆಸಲು ತೊಟ್ಟಿ ಎಲ್ಲಿ? ಕೊಳ್ಳುವವರು ಯಾರು? ಸೇಲಂ, ಓಮಲೂರು, ಧರ್ಮಪುರಿಯ ಅಂಗಡಿಗಳಿಗೆ ಮೊದಲು ಹೋಗಿ, ಯಾವ ತಳಿಯನ್ನು ಎಷ್ಟಕ್ಕೆ ಕೊಳ್ಳುತ್ತಾರೆಂದು ವಿಚಾರಿಸಿ, ಆಮೇಲೆ ಗಾರೆ ಕಲಸಿರಿ.

ಕೇಂದ್ರ ಸರಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ, 2020ರಿಂದ, ಹಿತ್ತಿಲ ಬಣ್ಣದ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚವೆಂದು ಗೊತ್ತು ಮಾಡಿ, ಸಾಮಾನ್ಯರಿಗೆ ಶೇಕಡ 40, ಹೆಂಗಸರಿಗೂ ಪರಿಶಿಷ್ಟರಿಗೂ ಶೇಕಡ 60 ಸಹಾಯಧನ ಇಟ್ಟಿದ್ದರು. ಈಗಿನ ನಿಯಮವನ್ನು ನಿಮ್ಮ ಜಿಲ್ಲೆಯ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಕಚೇರಿಯ ತಮಿಳು ಕಾಗದದಲ್ಲಿ ‘ಅಲಂಕಾರ ಮೀನ್’, ‘ವಣ್ಣ ಮೀನ್’ ಎಂದಿದ್ದರೆ ಅದು ಇದೇ. ಸಂದಿಯೂರು, ಪಾಪ್ಪಾರಪಟ್ಟಿಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ವಿಚಾರಿಸಬಹುದು.

ಕಡೆಯದಾಗಿ ಒಂದು ಮಾತು. ಸಾಕಿ ಬೇಸರವಾದ ಮೀನನ್ನು ಕೆರೆಗೋ ಸರಬಂಗಾ ಹೊಳೆಗೋ ಬಿಡಬೇಡಿ. ಹೊರಗಿನಿಂದ ಬಂದ ಮೀನು ನೆಲೆಯೂರಿದರೆ ನಮ್ಮ ಕೆರೆಯ ಮೀನಿನ ಮೊಟ್ಟೆಮರಿಗಳಿಗೂ ಆಹಾರಕ್ಕೂ ಸಂಚಕಾರ. ಬೇಡವಾದದ್ದನ್ನು ನೆರೆಯವರಿಗೆ ಕೊಡಿ. ಒಂದು ತೊಟ್ಟಿ, ಒಂದು ತಳಿ, ಮೂರು ಗಂಡು, ಒಂಬತ್ತು ಹೆಣ್ಣು: ಇಷ್ಟರಿಂದ ಆರಂಭಿಸಿ, ಆರು ತಿಂಗಳು ಖರ್ಚು ವೆಚ್ಚ ಬರೆದಿಡಿ. ಎರಡನೆಯ ತೊಟ್ಟಿ ಕಟ್ಟಬೇಕೆ ಬೇಡವೆ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.